ಅರ್ಧ ಮರಸೇಬು

ನಮ್ಮ ಮಗಳು, ಅಳಿಯ, ಮೊಮ್ಮಗಳು ಪುಟ್ಟಿ ಇರುವುದು ಇಟಲಿಯ ಟ್ಯೂರಿನ್ ನಗರದಲ್ಲಿ. ಅಲ್ಲಿಯವರ ಬಾಯಲ್ಲಿ ಅದು ತೊರೀನೊ. ಹೋದ ವರ್ಷ ದಸರಾ ಮುಗಿಸಿಕೊಂಡು ಮೈಸೂರಿನಿಂದ ಅಲ್ಲಿಗೆ ಹೋದೆ. ಬಾಗಿಲು ತೆಗೆದ ಪುಟ್ಟಿ ನನ್ನ ಚೀಲಗಳ ಕಡೆ ತಿರುಗಿಯೂ ನೋಡಲಿಲ್ಲ. ಚಕ್ಕುಲಿ, ಮೈಸೂರು ಪಾಕು, ಮೆಂತ್ಯದ ಹಿಟ್ಟು ಎಲ್ಲವೂ ಬಾಗಿಲಲ್ಲೇ ಉಳಿದವು. ಕೈ ಹಿಡಿದು ಎಳೆದುಕೊಂಡು ಹೋಗಿ ತನ್ನ ಕೋಣೆಯ ಕುರ್ಚಿಯಲ್ಲಿ ಕೂರಿಸಿ, “ತಾತ, ಕೇಳು” ಎಂದವಳೇ ಎಲೆಕ್ಟ್ರಿಕ್ ಪಿಯಾನೊದ ಮುಂದೆ ಕೂತಳು. ಅವಳಿಗೆ ಹನ್ನೊಂದು ವರ್ಷ.

ಎರಡು ವಿಮಾನ ಬದಲಾಯಿಸಿ ಬಂದ ಸುಸ್ತು. ಕಣ್ಣು ಎಳೆಯುತ್ತಿತ್ತು. ಅವಳ ಎಡಗೈ ಒಂದೇ ದಾರಿಯಲ್ಲಿ ಹೋಗಿ ಬರುತ್ತಿತ್ತು, ಬಲಗೈ ಅದರ ಮೇಲೆ ಒಂದು ಸಣ್ಣ ಹಾಡು ಎಳೆಯುತ್ತಿತ್ತು. ಮುಗಿಯಿತು ಅಂದುಕೊಂಡರೆ ಮತ್ತೆ ಅದೇ. ನಾನು ನಲವತ್ತು ವರ್ಷ ಪಿಟೀಲು ಕುಯ್ದವನು. ಕಚೇರಿ ಕೊಟ್ಟವನಲ್ಲ, ಆದರೆ ಅಭಿಪ್ರಾಯ ಕೊಡುವುದರಲ್ಲಿ ಹಿಂದೆ ಬಿದ್ದವನೂ ಅಲ್ಲ. “ಚೆನ್ನಾಗಿದೆ ಪುಟ್ಟಿ. ಆದ್ರೆ ಅದೇ ನಾಲ್ಕು ಸ್ವರಾನ ಎಷ್ಟು ಹೊತ್ತು ರುಬ್ತೀಯ? ಪಲ್ಲವಿ ಆದ್ಮೇಲೆ ಅನುಪಲ್ಲವಿ ಬರಬೇಡ್ವಾ?” ಎಂದು ನಕ್ಕೆ.

ಅವಳೂ ನಕ್ಕಳು. ಹಾಗಾಗಿ ನನಗೆ ಏನೂ ತಿಳಿಯಲಿಲ್ಲ.

ಮಾರನೆಯ ದಿನ ಅವಳು ಅಭ್ಯಾಸಕ್ಕೆ ಕೂತಾಗ ಮನೆಯಲ್ಲಿ ಸಂಗೀತವೇ ಇಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಳು. ಎಲೆಕ್ಟ್ರಿಕ್ ಪಿಯಾನೊಗೆ ಹೆಡ್‌ಫೋನ್ ಸಿಕ್ಕಿಸಿದರೆ ನುಡಿಸುವವರಿಗೆ ಮಾತ್ರ ಕೇಳಿಸುತ್ತದೆ, ಹೊರಗಿನವರಿಗೆ ಮನೆಗಳ ಟಕ್ ಟಕ್ ಸದ್ದಷ್ಟೇ. ಪಕ್ಕದ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಆ ಟಕ್ ಟಕ್ ಕೇಳಿದೆ. ಮೂರನೆಯ ದಿನವೂ ಅದೇ. ಪಕ್ಕದ ಮನೆಯವರಿಗೆ ತೊಂದರೆ ಆಗದಿರಲಿ ಅಂತಲೋ ಏನೋ ಎಂದು ಮಗಳನ್ನು ಕೇಳಿದೆ.

“ಅಪ್ಪ, ನೀವು ಬರ್ತೀರಿ ಅಂತ ಎರಡು ತಿಂಗಳಿಂದ ಅದೊಂದನ್ನೇ ಕೂತು ಕಲ್ತಿದ್ಲು” ಎಂದಷ್ಟೇ ಹೇಳಿ ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು.

ಅಜ್ಜ ಅಜ್ಜಿಯರಾದ ನೀವು ಇದನ್ನು ಓದುತ್ತಿದ್ದರೆ, ಆ ಸಾಸಿವೆ ನನ್ನೊಳಗೆ ಹೇಗೆ ಸಿಡಿಯಿತು ಎಂದು ವಿವರಿಸಬೇಕಾಗಿಲ್ಲ. ತಪ್ಪಾಯಿತು ಎಂದು ಹೇಳಬಹುದಿತ್ತು. ಆದರೆ ಮಕ್ಕಳಿಗೆ ಬಾಯಿಮಾತಿನ ಹೊಗಳಿಕೆ ಎಂಥದ್ದೆಂದು ಚೆನ್ನಾಗಿ ಗೊತ್ತು. ಮೊದಲು ಆ ಸಂಗೀತ ಏನೆಂದು ತಿಳಿದುಕೊಳ್ಳೋಣ, ಆಮೇಲೆ ಮಾತು ಎಂದುಕೊಂಡೆ. ರಾತ್ರಿ ಅಳಿಯನನ್ನು ಕೇಳಿದೆ. ಅವಳು ನುಡಿಸಿದ್ದು ‘ನೂವೊಲೆ ಬ್ಯಾಂಕೆ’, ಅಂದರೆ ಬಿಳಿ ಮೋಡಗಳು. 2004ರಲ್ಲಿ ಬಂದ ‘ಉನಾ ಮತೀನಾ’ ಎಂಬ ಆಲ್ಬಮ್ಮಿನದು. ರಚಿಸಿದವರು ಲುದೋವಿಕೊ ಎಯ್ನೌದಿ. ಹೆಸರು ಕೇಳಿದಾಗ “ಏನು, ಹೌದಾ?” ಎಂದು ಅಳಿಯ ಕೇಳಿದಂತಾಗಿ ಎರಡು ಸಲ “ಹೌದು” ಎಂದುಬಿಟ್ಟೆ. “ಇದೇ ಊರಿನವರು ಮಾವ, 1955ರಲ್ಲಿ ಇಲ್ಲೇ ಹುಟ್ಟಿದ್ದು” ಎಂದ ಅಳಿಯ.

ಹೀಗೆ ಬೆಳಿಗ್ಗೆ ಪುಟ್ಟಿಯನ್ನು ಶಾಲೆಗೆ ಬಿಟ್ಟು, ನಾನು ಊರು ಸುತ್ತಲು ಹೊರಡುವುದು ಶುರುವಾಯಿತು. ಟ್ಯೂರಿನ್ ನಡೆಯುವವರ ಊರು. ಅಂಗಡಿ ಸಾಲುಗಳ ಮುಂದೆ ಕಮಾನಿನ ಮೊಗಸಾಲೆಗಳು. ನಮ್ಮ ಸಯ್ಯಾಜಿರಾವ್ ರಸ್ತೆಯ ಹಳೆಯ ಕಟ್ಟಡಗಳ ಜಗಲಿಯನ್ನು ಎತ್ತರಿಸಿ, ಒಂದಕ್ಕೊಂದು ಜೋಡಿಸಿ ಬೆಳೆಸಿದಂತೆ. ಎಲ್ಲ ಸೇರಿಸಿದರೆ 18 ಕಿಲೋಮೀಟರ್ ಆಗುತ್ತವಂತೆ, ಮಳೆ ಬಂದರೂ ಕೊಡೆ ಬೇಡ. ನಡುವೆ ಮೋಲೆ ಅಂತೊನೆಲ್ಯಾನ ಎಂಬ ಸೂಜಿಮೊನೆಯ ಕಟ್ಟಡ, 167 ಮೀಟರ್ ಎತ್ತರ. ಇಟಲಿಯ ಎರಡು ಸೆಂಟ್ ನಾಣ್ಯದ ಮೇಲೆ ಅದರದೇ ಚಿತ್ರ. ಮಕ್ಕಳೇ, ನಿಮ್ಮಲ್ಲಿ ಯಾರಾದರೂ ನಾಣ್ಯ ಕೂಡಿಡುವವರಿದ್ದರೆ ನೋಡಿ. ಮೋಡವಿಲ್ಲದ ದಿನ ಬೀದಿಯ ಕೊನೆಯಲ್ಲಿ ಆಲ್ಪ್ಸ್ ಪರ್ವತದ ಹಿಮ ಕಾಣುತ್ತದೆ. ಹಿಮ ನೋಡುತ್ತಾ, ಹೇಝಲ್ ಬೀಜ ಅರೆದು ಸೇರಿಸಿದ ಇಲ್ಲಿನ ಚಾಕೊಲೇಟ್ ಬಾಯಲ್ಲಿ ಕರಗಿಸಿಕೊಳ್ಳುವುದು ನನ್ನ ನಿತ್ಯಕರ್ಮವಾಯಿತು. ಸಕ್ಕರೆ ಕಾಯಿಲೆಯ ವಿಷಯ ಮಗಳಿಗೆ ನೆನಪಾಗದಿರಲಿ.

ಒಂದು ದಿನ ಬ್ಯಾಂಕಮಾನೊ ಎಂಬ ಬೀದಿಗೆ ಹೋದೆ. ಅಲ್ಲಿರುವುದು ಎಯ್ನೌದಿ ಪ್ರಕಾಶನ. ಸಂಗೀತಗಾರರ ತಂದೆ ಜೂಲಿಯೊ 1933ರಲ್ಲಿ, ಇನ್ನೂ ಇಪ್ಪತ್ತೊಂದರ ಹುಡುಗನಾಗಿದ್ದಾಗ ಶುರುಮಾಡಿದ್ದು. ಅದರ ಗುರುತು ಒಂದು ಉಷ್ಟ್ರಪಕ್ಷಿ, ಅದರ ಕೊಕ್ಕಿನಲ್ಲಿ ಕಬ್ಬಿಣದ ಮೊಳೆ! ಎಂಥ ಗಟ್ಟಿ ವಸ್ತುವನ್ನೂ ಮನಸ್ಸು ಅರಗಿಸಿಕೊಳ್ಳುತ್ತದೆ ಎಂಬುದು ಅದರ ಅರ್ಥ. ಆ ಮೊಳೆ ಬರೀ ಅಲಂಕಾರವಲ್ಲ. ಮುಸೊಲಿನಿಯ ಸರ್ವಾಧಿಕಾರದ ಕಾಲದಲ್ಲಿ ಪೊಲೀಸರು ಜೂಲಿಯೊರನ್ನು ಹಿಡಿದುಕೊಂಡು ಹೋಗಿದ್ದರು.

ತಾಯಿ ರೆನಾಟ ಮನೆಯಲ್ಲಿ ಪಿಯಾನೊ ನುಡಿಸುತ್ತಿದ್ದರು. ಹುಡುಗನ ಕಿವಿಗೆ ಬಿದ್ದ ಮೊದಲ ಪಾಠ ಅದು. ಅವರ ತಂದೆಯೂ ಪಿಯಾನೊ ವಾದಕರು, ಎರಡನೆಯ ಮಹಾಯುದ್ಧದ ಆಮೇಲೆ ಆಸ್ಟ್ರೇಲಿಯಕ್ಕೆ ಹೋದರು. ಇನ್ನು ತಂದೆಯ ತಂದೆ ಯಾರು ಅಂದುಕೊಂಡಿರಿ? ಲುಯೀಜಿ ಎಯ್ನೌದಿ, 1948ರಿಂದ 1955ರವರೆಗೆ ಇಟಲಿಯ ರಾಷ್ಟ್ರಪತಿ. ದೊಡ್ಡ ಅರ್ಥಶಾಸ್ತ್ರಜ್ಞ. ಅವರು ಪದವಿಯಿಂದ ಇಳಿದದ್ದು 1955ರ ಮೇ ತಿಂಗಳು, ಮೊಮ್ಮಗ ಹುಟ್ಟಿದ್ದು ಅದೇ ನವೆಂಬರ್. ಅಜ್ಜ ತೀರಿಕೊಂಡಾಗ ಹುಡುಗನಿಗೆ ಆರು ತುಂಬಿರಲಿಲ್ಲ.

ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಪುಟ್ಟಿ ತಟ್ಟೆಯಿಂದ ತಲೆ ಎತ್ತಿದಳು. “ನಿನಗೆ ಅವರು ಯಾಕೆ ಬೇಕು? ಅವರದ್ದು ನಾಲ್ಕೇ ಸ್ವರ ಅಲ್ವಾ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. “ಅವರ ಅಜ್ಜನ ಊರು ನೋಡಬೇಕು ಅನ್ನಿಸ್ತಿದೆ, ನೀನೂ ಬರ್ತೀಯಾ?” ಎಂದೆ. ಅಜ್ಜ ಎಂದ ಮೇಲೆ ಅವಳಿಗೆ ಇಲ್ಲವೆನ್ನಲು ಆಗಲಿಲ್ಲ ಅಂತ ಕಾಣುತ್ತದೆ.

ಭಾನುವಾರ ಅಳಿಯನ ಕಾರಿನಲ್ಲಿ ಹೊರಟೆವು. ಟ್ಯೂರಿನ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ. ಬಯಲು ಮುಗಿದು ಲಾಂಗೆ ಎಂಬ ಗುಡ್ಡಗಾಡು ಶುರುವಾಗುತ್ತದೆ. ಗುಡ್ಡ ಅಂದರೆ ನಮ್ಮ ಮಲೆನಾಡಿನ ಕಾಡುಗುಡ್ಡವಲ್ಲ, ಬಾಚಣಿಗೆಯಿಂದ ಬಾಚಿದಂತೆ ದ್ರಾಕ್ಷಿ ಬಳ್ಳಿಗಳ ಸಾಲು. ಸುಗ್ಗಿ ಮುಗಿದು ಎಲೆಗಳೆಲ್ಲ ಕುಂಕುಮ, ಅರಿಸಿನ ಬಣ್ಣಕ್ಕೆ ತಿರುಗಿದ್ದವು. ತಗ್ಗಿನಲ್ಲಿ ಮಂಜು ತುಂಬಿ, ಗುಡ್ಡದ ನೆತ್ತಿಗಳು ಮಾತ್ರ ಮೇಲೆ ತೇಲುತ್ತಿದ್ದವು. 2014ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪುಟ್ಟಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು, ಕಿವಿಯಲ್ಲಿ ಇಯರ್‌ಫೋನ್.

ದೊಲ್ಯಾನಿ ಸಣ್ಣ ಊರು. ಕೆಳಗೊಂದು ಭಾಗ, ಗುಡ್ಡದ ಮೇಲೊಂದು ಭಾಗ. ಊರಿನ ಅಳತೆಗೆ ಹೊಂದದಷ್ಟು ದೊಡ್ಡ ಗುಮ್ಮಟದ ಚರ್ಚು. ಲುಯೀಜಿ ಹುಟ್ಟಿದ್ದು ಹತ್ತಿರದ ಕರ್ರೂ ಎಂಬಲ್ಲಿ. 1897ರಲ್ಲಿ, ಇಪ್ಪತ್ಮೂರನೆಯ ವಯಸ್ಸಿನಲ್ಲಿ ದೊಲ್ಯಾನಿಯ ತೋಟ ಕೊಂಡರು. ರಾಷ್ಟ್ರಪತಿಯಾಗಿದ್ದಾಗಲೂ ದ್ರಾಕ್ಷಿ ಸುಗ್ಗಿಗೆ ತಪ್ಪದೆ ಬರುತ್ತಿದ್ದರು ಎನ್ನುತ್ತಾರೆ. ಅವರ ಸಮಾಧಿಯೂ ಈ ಊರಿನಲ್ಲೇ ಇದೆ.

ಅವರ ನೆನಪಿಗೆ ಮಗ ಕಟ್ಟಿಸಿದ್ದು ಪ್ರತಿಮೆಯಲ್ಲ, ಊರಿಗೊಂದು ಗ್ರಂಥಾಲಯ. 1963ರಲ್ಲಿ ಬ್ರೂನೊ ಜೇವಿ ಎಂಬ ಹೆಸರಾಂತ ವಾಸ್ತುಶಿಲ್ಪಿ ಅದರ ನಕ್ಷೆ ಮಾಡಿದರು. ಅರಮನೆಯಂತಿರಬಹುದು ಅಂದುಕೊಂಡು ಹೋದರೆ, ತಗ್ಗಾದ, ಸರಳವಾದ ಕಟ್ಟಡ. ಭಾನುವಾರವಾದ್ದರಿಂದ ಬಾಗಿಲು ಹಾಕಿತ್ತು. ಪುಟ್ಟಿ ಗಾಜಿಗೆ ಮೂಗು ತಾಗಿಸಿ ಒಳಗೆ ನೋಡಿದಳು. ನಾನೂ ನೋಡಿದೆ. ಇಬ್ಬರ ಮೂಗಿನ ಗುರುತೂ ಗಾಜಿನ ಮೇಲೆ ಉಳಿಯಿತು, ಅವಳೇ ತೋಳಿನಿಂದ ಒರೆಸಿದಳು.

ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಚಪಾತಿ, ಆಲೂಗಡ್ಡೆ ಪಲ್ಯ. ಕೊನೆಗೆ ಪುಟ್ಟಿ ಚೀಲದಿಂದ ಒಂದೇ ಒಂದು ದೊಡ್ಡ ಹಣ್ಣು ತೆಗೆದು “ಪೇರಾ” ಎಂದಳು. ನನಗೆ ಪೇರಲೆ ಎಂದು ಕೇಳಿಸಿತು, ಇಟಲಿಯಲ್ಲಿ ಸೀಬೆಹಣ್ಣೇ ಎಂದು ಬಗ್ಗಿ ನೋಡಿದರೆ ಅದು ಮರಸೇಬು, ಈಗಿನವರು ಪಿಯರ್ ಅನ್ನುತ್ತಾರಲ್ಲ ಅದು. ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪ.

“ತಾತ, ಆ ಅಜ್ಜಂದು ಒಂದು ಪೇರಾ ಕಥೆ ಇದೆ, ಸ್ಕೂಲಲ್ಲಿ ಹೇಳಿದಾರೆ” ಎಂದು ತಾನಾಗಿ ಮಾತು ತೆಗೆದಳು. ಅಷ್ಟು ದಿನಗಳಲ್ಲಿ ಅವಳಾಗಿ ಮಾತಾಡಿದ್ದು ಅದೇ ಮೊದಲು. ಕಥೆ ನಿಜವಾದದ್ದೇ, ಎನ್ನಿಯೊ ಫ್ಲಯಾನೊ ಎಂಬ ಲೇಖಕರು ಬರೆದಿಟ್ಟಿದ್ದಾರೆ. ರೋಮ್ ನಗರದ ಕ್ವಿರಿನಾಲೆ ಎಂಬ ರಾಷ್ಟ್ರಪತಿ ಭವನಕ್ಕೆ ಒಮ್ಮೆ ಕೆಲವು ಬರಹಗಾರರನ್ನು ಊಟಕ್ಕೆ ಕರೆದಿದ್ದರು. ಕೊನೆಯಲ್ಲಿ ಹಣ್ಣಿನ ಹರಿವಾಣ ಬಂತು. ಮರಸೇಬು ತಿನ್ನುವ ಆಸೆ ಲುಯೀಜಿಯವರಿಗೆ, ಆದರೆ ಹಣ್ಣುಗಳು ಬಹಳ ದೊಡ್ಡವು. ಯಾರಾದರೂ ನನ್ನ ಜೊತೆ ಒಂದನ್ನು ಹಂಚಿಕೊಳ್ಳುತ್ತೀರಾ ಎಂದು ಕೇಳಿದರಂತೆ. ದೇಶದ ರಾಷ್ಟ್ರಪತಿ! ಬಡಿಸುವವನಿಗೆ ಗಾಬರಿ, ಅತಿಥಿಗಳಿಗೂ ಗಾಬರಿ. ಫ್ಲಯಾನೊ ಕೈ ಎತ್ತಿದರು. ಅರ್ಧ ಹಣ್ಣು ಅವರ ತಟ್ಟೆಗೆ ಬಂತು.

ಹೇಳಿ ಮುಗಿಸಿದ ಪುಟ್ಟಿ ಹಣ್ಣನ್ನು ಮೇಲೆತ್ತಿ ಹಿಡಿದು ರಾಷ್ಟ್ರಪತಿಯ ಗತ್ತಿನಲ್ಲಿ ಸುತ್ತ ನೋಡಿದಳು. “ಯಾರಾದ್ರೂ ಹಂಚ್ಕೊತೀರಾ?”

ನಾನು ಕೈ ಎತ್ತಿದೆ. ಅವಳಪ್ಪನೂ ಎತ್ತಲು ಹೊರಟಿದ್ದ, ಮಗಳು ಅವನ ಕೈ ಹಿಡಿದು ಕೆಳಗಿಳಿಸಿದ್ದನ್ನು ನೋಡಿದೆ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ನಾನು ಮತ್ತು ಪುಟ್ಟಿ. ಸ್ವಲ್ಪ ದೂರ ಹೋದ ಮೇಲೆ, “ಪುಟ್ಟಿ, ಅವತ್ತು ನಾನು ಅರ್ಧ ನಿದ್ದೇಲಿ ಕೇಳಿದ್ದು. ಇನ್ನೊಂದ್ಸಲ ಕೇಳಿಸ್ತೀಯಾ?” ಎಂದೆ. ಅವಳು ಒಂದು ಕಿವಿಯ ಇಯರ್‌ಫೋನ್ ತೆಗೆದು, ಲಂಗಕ್ಕೆ ಒರೆಸಿ, ನನಗೆ ಕೊಟ್ಟಳು.

ಈಗ ಸಂಗೀತದ ಮಾತು ಸ್ವಲ್ಪ ಹೇಳುತ್ತೇನೆ. ಇಟಲಿಯ ಮಕ್ಕಳು ಸ್ವರಗಳನ್ನು ದೋ, ರೆ, ಮಿ, ಫಾ, ಸೋಲ್, ಲಾ, ಸಿ ಎಂದು ಹೇಳುತ್ತಾರೆ, ನಮ್ಮ ಸರಿಗಮದ ಹಾಗೆ. ರೆ, ಮಿ, ಫಾ ಎಂಬ ಹೆಸರುಗಳನ್ನು ಕೊಟ್ಟವರು ಸಾವಿರ ವರ್ಷದ ಹಿಂದಿನ ಇಟಲಿಯ ಸನ್ಯಾಸಿ ಗ್ವೀದೊ. ‘ಬಿಳಿ ಮೋಡಗಳು’ ಫಾ ಸ್ವರವನ್ನು ಆಧಾರವಾಗಿ ಇಟ್ಟುಕೊಂಡದ್ದು. ಆ ಫಾವನ್ನೇ ಷಡ್ಜ ಎಂದು ಹಿಡಿದು ಮನಸ್ಸಿನಲ್ಲೇ ಸ್ವರ ಹಾಕುತ್ತಾ ಹೋದೆ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಧೈವತ, ಕೈಶಿಕಿ ನಿಷಾದ... ಅರೆ, ಇವೆಲ್ಲ ನಮ್ಮ ಇಪ್ಪತ್ತನೆಯ ಮೇಳ ನಟಭೈರವಿಯ ಸ್ವರಸ್ಥಾನಗಳೇ! ರಾಗ ಅನ್ನಲಾರೆ, ಪಿಯಾನೊದಲ್ಲಿ ಗಮಕ ಬರುವುದಿಲ್ಲ. ಸುತ್ತಿಗೆ ತಂತಿಗೆ ಬಡಿದ ಮೇಲೆ ಆ ಸ್ವರವನ್ನು ಎಳೆಯಲೂ ಆಗದು, ಬಾಗಿಸಲೂ ಆಗದು. ಕಾಲಿನ ಪೆಡಲ್ ಒತ್ತಿ ಹಿಡಿದರೆ ಹಿಂದಿನ ಸ್ವರ ಆರುವ ಮೊದಲೇ ಮುಂದಿನದು ಅದರೊಳಗೆ ಬೆರೆಯುತ್ತದೆ, ಮಂಜಿನೊಳಗೆ ಗುಡ್ಡ ಬೆರೆತ ಹಾಗೆ. ಎಡಗೈ ಹೆಚ್ಚುಕಡಿಮೆ ಷಡ್ಜ, ಧೈವತ, ಗಾಂಧಾರ, ನಿಷಾದ ಎಂಬ ನಾಲ್ಕು ಮನೆಗಳಿಗೆ ಹೋಗಿ ಬರುತ್ತದೆ. ನಾಲ್ಕು ಎಂದು ನಾನು ನಕ್ಕದ್ದು ಲೆಕ್ಕದಲ್ಲಿ ತಪ್ಪಲ್ಲ. ಆದರೆ ನಾಲ್ಕನೆಯ ಸಲ ಬರುವಾಗ ಬಲಗೈ ಒಂದು ಸ್ವರ ಮೇಲೆ ಹತ್ತಿರುತ್ತದೆ, ಐದನೆಯ ಸಲ ಒತ್ತು ಬೇರೆ ಕಡೆ ಬಿದ್ದಿರುತ್ತದೆ. ಅರ್ಧ ನಿದ್ದೆಯಲ್ಲಿ ಅದು ಕೇಳಿಸುವುದಿಲ್ಲ.

ಹೀಗೆ ಸ್ವಲ್ಪದರಲ್ಲೇ ಸಂಸಾರ ನಡೆಸುವ ಸಂಗೀತಕ್ಕೆ ಮಿನಿಮಲಿಸಂ ಎಂದು ಹೆಸರು. 1960ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದದ್ದು. ಅದರ ಹಿರಿಯರಲ್ಲಿ ಫಿಲಿಪ್ ಗ್ಲಾಸ್ ಪ್ಯಾರಿಸ್ಸಿನಲ್ಲಿ ಪಂಡಿತ್ ರವಿಶಂಕರರ ಜೊತೆ ಕೆಲಸ ಮಾಡಿದವರು. ಲಾ ಮಾಂಟ್ ಯಂಗ್ ಮತ್ತು ಟೆರಿ ರೈಲಿ ಎಂಬ ಇನ್ನಿಬ್ಬರು ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಕಿರಾನಾ ಎಂದರೆ ನಮ್ಮ ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಘರಾಣೆ. ಒಂದೇ ಸ್ವರದ ಸುತ್ತ ಅವರು ಆಲಾಪ ಮಾಡುವಾಗ ತಲೆದೂಗುವ ನಾನು, ಮೊಮ್ಮಗಳು ಅದೇ ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ರುಬ್ಬುವ ಕಲ್ಲಿನ ಮಾತಾಡಿದ್ದೆ.

ಎಯ್ನೌದಿ ಕೂಡ ಕಷ್ಟದ ಸಂಗೀತ ಬಾರದೆ ಸುಲಭದ್ದಕ್ಕೆ ಬಂದವರಲ್ಲ. ಮಿಲಾನಿನ ಸಂಗೀತ ಶಾಲೆಯಲ್ಲಿ ಓದಿ, ಲುಚಾನೊ ಬೇರಿಯೊ ಎಂಬ ಬಹಳ ಜಟಿಲ ಸಂಗೀತ ಬರೆದ ದೊಡ್ಡವರ ಬಳಿ ಕಲಿತವರು. ಆಮೇಲೆ ಒಂದೊಂದೇ ಕಳಚಿಡುತ್ತಾ ಬಂದರು. 1996ರ ‘ಲೆ ಓಂದೆ’, ಅಂದರೆ ಅಲೆಗಳು, ಅವರನ್ನು ಜನರ ಮನೆಗಳಿಗೆ ಮುಟ್ಟಿಸಿತು. 2011ರ ಫ್ರೆಂಚ್ ಚಿತ್ರ ‘ದಿ ಇನ್‌ಟಚಬಲ್ಸ್’ನಲ್ಲಿ ಅವರ ಸಂಗೀತವಿದೆ. ತೆಲುಗಿನಲ್ಲಿ ‘ಊಪಿರಿ’ಯಾಗಿ ಬಂತಲ್ಲ, ಅದೇ ಕಥೆ.

ಪುಟ್ಟಿಗೆ ಇಷ್ಟವಾದದ್ದು ಬೇರೆ ಎರಡು ಸಂಗತಿ. 2016ರಲ್ಲಿ ಅವರು ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡಿಗೆ ಹೋಗಿ, ನೀರಿನ ಮೇಲೆ ತೇಲುವ ತೆಪ್ಪದಲ್ಲಿ ದೊಡ್ಡ ಪಿಯಾನೊ ಇಟ್ಟುಕೊಂಡು, ಕರಗುತ್ತಿರುವ ಹಿಮನದಿಯ ಎದುರು ನುಡಿಸಿದರು. ಪರಿಸರಕ್ಕಾಗಿ ದುಡಿಯುವ ಗ್ರೀನ್‌ಪೀಸ್ ಸಂಸ್ಥೆ ಏರ್ಪಡಿಸಿದ್ದು. ನುಡಿಸುತ್ತಿರುವಾಗಲೇ ಹಿಂದೆ ಮಂಜುಗಡ್ಡೆ ಕುಸಿದು ನೀರಿಗೆ ಬೀಳುತ್ತದೆ. ಪುಟ್ಟಿ ಫೋನಿನಲ್ಲಿ ತೋರಿಸಿದಳು. ಇನ್ನೊಂದು, 2018ರ ಜನವರಿಯಲ್ಲಿ ಅವರು ಆಲ್ಪ್ಸ್ ಹಿಮದಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆದದ್ದು. ಹಿಮ ಬೀಳುವಾಗ ಆ ದಾರಿ ದಿನವೂ ಬೇರೆಯಾಗಿ ಕಂಡಿತಂತೆ. ಅದರಿಂದ ಹುಟ್ಟಿದ್ದು ‘ಏಳು ದಿನದ ನಡಿಗೆ’, 2019ರಲ್ಲಿ ತಿಂಗಳಿಗೊಂದರಂತೆ ಏಳು ಆಲ್ಬಮ್. ಮೂವತ್ತು ವರ್ಷದಿಂದ ದಿನಾ ಕುಕ್ಕರಹಳ್ಳಿ ಕೆರೆ ಸುತ್ತುವ ನನಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಕೆರೆ ಅದೇ, ಏರಿ ಅದೇ. ಆದರೆ ನಿನ್ನೆ ಇದ್ದ ಹೆಜ್ಜಾರ್ಲೆ ಇವತ್ತು ಆ ಕೊಂಬೆಯ ಮೇಲಿರುವುದಿಲ್ಲ.

“ನಿನಗೆ ಇದು ಯಾಕೆ ಇಷ್ಟ?” ಎಂದು ಕೇಳಿದೆ.

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿದಳು. “ಬೇರೆ ಪೀಸ್ ನುಡಿಸ್ವಾಗ ತಪ್ಪಾಗುತ್ತೋ ಅಂತ ಅದನ್ನೇ ನೋಡ್ತಿರ್ಬೇಕು. ಇದ್ರಲ್ಲಿ ಜಾಗ ಇರುತ್ತೆ ತಾತ. ಏನೇನೋ ನೆನಪಾಗುತ್ತೆ. ಮೈಸೂರಲ್ಲಿ ನಿಮ್ಮನೆ ಮೆಟ್ಟಿಲ ಮೇಲೆ ಅಜ್ಜಿ ಜೊತೆ ಮಳೆ ನೋಡ್ತಾ ಕೂತಿದ್ವಲ್ಲ, ಅದು ಬರುತ್ತೆ.”

ಅವಳ ಅಜ್ಜಿ ಹೋಗಿ ಎರಡು ವರ್ಷವಾಯಿತು. ಆ ಮೆಟ್ಟಿಲ ಮೇಲೆ ಈಗ ನಾನೊಬ್ಬನೇ ಕೂರುವುದು.

ನನ್ನ ಬಾಯಲ್ಲಿ ಇನ್ನೂ ಮರಸೇಬಿನ ರುಚಿಯಿತ್ತು. ಇಡೀ ಹಣ್ಣನ್ನು ತಾನೇ ತಿಂದು ಮುಗಿಸದೆ ಎದುರು ಕೂತವರ ತಟ್ಟೆಗೆ ಅರ್ಧ ಹಾಕುವ ಆ ಅಜ್ಜನ ಗುಣ ಮೊಮ್ಮಗನ ಕೈಬೆರಳಿಗೂ ಬಂದಿದೆಯೋ ಏನೋ. ಹಾಗೆಂದು ಎಲ್ಲವನ್ನೂ ಹೊಗಳಲಾರೆ. ಬಹಳ ಸುಲಭ, ಎಲ್ಲ ಒಂದೇ ಥರ ಎಂದು ದೂರುವ ವಿಮರ್ಶಕರಿದ್ದಾರೆ, ಒಂದು ಗಂಟೆ ಕೇಳಿದ ಮೇಲೆ ನನಗೂ ಒಮ್ಮೊಮ್ಮೆ ಹಾಗನ್ನಿಸಿದ್ದುಂಟು. ಕೆಲವು ರಚನೆಗಳಲ್ಲಿ ಬಿಟ್ಟ ಜಾಗ ಬರೀ ಖಾಲಿ ಜಾಗವೇ. ಆದರೆ ಇದರಲ್ಲಿ ಹಾಗಲ್ಲ. ಕಾರು ಟ್ಯೂರಿನ್ ಮುಟ್ಟುವವರೆಗೆ ನಾವು ಅದನ್ನು ಮೂರು ಸಲ ಕೇಳಿದೆವು, ಆ ಮೂರೂ ಸಲ ಕಿಟಕಿಯ ಹೊರಗೆ ನನಗೆ ಕಂಡದ್ದು ಇಟಲಿಯಲ್ಲ.

ರಾತ್ರಿ ಊಟವಾದ ಮೇಲೆ ಪುಟ್ಟಿ ಪಿಯಾನೊ ಮುಂದೆ ಕೂತಳು. ನಾನು ಕೋಣೆಯ ಬಾಗಿಲಲ್ಲಿ ನಿಂತೆ, ಕರೆಯದೆ ಒಳಗೆ ಹೋಗುವ ಧೈರ್ಯ ಬರಲಿಲ್ಲ. ಅವಳು ಹೆಡ್‌ಫೋನನ್ನು ಕೈಗೆ ತೆಗೆದುಕೊಂಡು ಒಂದು ಕ್ಷಣ ನೋಡಿ, ಅದರ ವೈರನ್ನು ಕಿತ್ತು, ಮಂಚದ ಮೇಲೆ ಹಾಕಿದಳು. ಕುರ್ಚಿಯ ಕಡೆ ಗಲ್ಲ ತೋರಿಸಿದಳು. ಕೂತೆ.

ಎಡಗೈ ಹೊರಟಿತು. ಎರಡನೆಯ ಸುತ್ತಿಗೆ ನನಗೆ ಗೊತ್ತಿಲ್ಲದೆಯೇ ಬಲಗೈ ತೊಡೆಯ ಮೇಲೆ ಆದಿತಾಳ ಹಾಕತೊಡಗಿತ್ತು. ಅವಳು ನುಡಿಸುತ್ತಲೇ, ತಿರುಗದೆಯೇ ಹೇಳಿದಳು:

“ತಾತ, ತಾಳ ಬೇಡ. ಸುಮ್ನೆ ಕೇಳು.”

ಕೈ ಕಟ್ಟಿಕೊಂಡು ಕೂತೆ.